ಹತ್ತಕ್ಕೆ ಎಷ್ಟು?

ಕೀಲ್ಪಾಕ್ ಬಸ್ ಸ್ಟಾಪಿನಲ್ಲಿ ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದೆ. ಪಕ್ಕದಲ್ಲಿ ಒಬ್ಬ ತಂದೆ, ಆಗಷ್ಟೇ ಇಂಟರ್‌ವ್ಯೂ ಮುಗಿಸಿ ಬಂದ ಅವರ ಮಗಳು. ಈ ತಮಿಳು ಊರಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು.

"ಏನಾಯ್ತು ಮಾನಸ?"

"ಸಿಗಲಿಲ್ಲ ಅಪ್ಪ. ಫ್ರೆಂಚ್ ಹತ್ತಕ್ಕೆ ಎಷ್ಟು ಬರುತ್ತೆ, ನೀವೇ ಮಾರ್ಕ್ಸ್ ಹಾಕ್ಕೊಳ್ಳಿ ಅಂದ್ರು. ಆರು ಅಂದೆ."

"ಎಂಟು ವರ್ಷ ಫ್ರಾನ್ಸಲ್ಲೇ ಸ್ಕೂಲಿಗೆ ಹೋದೋಳು ಆರಾ? ಕೆಲಸ ಯಾರಿಗಾಯ್ತು?"

"ರಂಜನಿ ಅಂತ. ಇಲ್ಲೇ ಸಂಜೆ ಕ್ಲಾಸಲ್ಲಿ ಕಲಿತಿದ್ದಾಳೆ. ಒಂಬತ್ತು ಅಂದ್ಲಂತೆ."

"ನಿನಗಿಂತ ಚೆನ್ನಾಗಿ ಬರುತ್ತಾ ಅವಳಿಗೆ?"

"ಇಲ್ಲ. ಒಳಗೆ ಹೋಗೋಕೆ ಮುಂಚೆ ಅವಳ ಫ್ರೆಂಚಿನ ತಪ್ಪೆಲ್ಲ ನಾನೇ ತಿದ್ದಿಕೊಟ್ಟೆ."

"ಭೇಷ್! ಬಾಯಿ ಬಿಟ್ಟು ಒಂಬತ್ತು ಅನ್ನೋಕೇನಾಗಿತ್ತು ನಿನಗೆ?"

"ಅಲ್ಲಿ ಸ್ಕೂಲಲ್ಲಿ ಇಪ್ಪತ್ತಕ್ಕೆ ಹನ್ನೆರಡು ಬಂದ್ರೇನೇ ಹೆಚ್ಚು ಅಪ್ಪ. ಪೇಪರ್ ಕೊಡೋವಾಗ ಜಾಸ್ತಿ ತಗೊಂಡೋರಿಂದ ಶುರುಮಾಡಿ ಎಲ್ಲರ ಮುಂದೆ ಹೆಸರು ಕೂಗ್ತಿದ್ರು. ನನ್ನ ಹೆಸರು ಬಂದಾಗ ಮೇಡಂ 'ಇವಳ ಬಾಯಿಗೆ ನಮ್ಮ ಭಾಷೆ ಒಗ್ಗಲ್ಲ' ಅಂತಿದ್ರು. ಕ್ಲಾಸೆಲ್ಲ ನಗ್ತಿತ್ತು."

"ಆ ಮೇಡಂ ಸರಿಯಾಗೇ ಹೇಳಿದ್ದಾರೆ. ಊರಿಗೆಲ್ಲ ಫ್ರಾನ್ಸಲ್ಲಿ ಓದಿದೋಳು ಅಂತ ಹೇಳಿಕೊಂಡು ಬಂದೆನಲ್ಲ, ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು."

ದೂರದಲ್ಲಿ ಬಸ್ಸು ಕಾಣಿಸಿತು.

"ಈಗ ನಾನು ಕೇಳ್ತೀನಿ, ಹೇಳು ನೋಡೋಣ. ಹತ್ತಕ್ಕೆ ಎಷ್ಟು ಬರುತ್ತೆ?"

ಅವಳು ನಿಜವಾಗಿಯೂ ಯೋಚಿಸಿದಳು.

"ಐದು," ಅಂದಳು.

ತಂದೆ ನಕ್ಕು, ಅವಳಿಗೆ ಕಾಯದೆ ಬಸ್ಸು ಹತ್ತಿದರು. ಅವಳೂ ಹಿಂದೆಯೇ ಹತ್ತಿದಳು.