ಏಳನೇ ಅಧ್ಯಾಯದ ಹಿಮ

ಹಲೋ... ಹಾಂ, ಹೇಳಿ. ಯಾರು ಮಾತಾಡ್ತಿರೋದು?...

ಹೌದು, ಬ್ರೆಕೆ ಅವರ ಮನೆಯೇ. ನಾನೇ ಆಲ್ವಿನಾ ಬ್ರೆಕೆ. ಆ ಉಷ್ಣ ವರ್ಗಾವಣೆ ಪುಸ್ತಕ ಬರೆದೋಳೂ ನಾನೇ, ಅದನ್ನ ಪಾಠ ಹೇಳಿ ಹೇಳಿ ಗಂಟಲು ಒಣಗಿಸ್ಕೊಂಡು ನಿವೃತ್ತಿ ಆದೋಳೂ ನಾನೇ. ನೀವು ಯಾರು ಅಂತ ಹೇಳ್ಲೇ ಇಲ್ಲವಲ್ಲ...

ಎಲ್ಲಿಂದ? ಪ್ರೊಫೆಸರ್ ಸಂಡ್‌ಬಿ ಆಫೀಸಿಂದಾನಾ? ಓಹೋ! ಹಾಗೆ ಬನ್ನಿ ದಾರಿಗೆ. ಸಂಡ್‌ಬಿ ನನ್ನ ಶಿಷ್ಯ. ಅವನ ಆಫೀಸಿಂದ ಅಂದ್ರೆ ನೀವೂ ಪ್ರೊಫೆಸರೇ ಇರ್ಬೇಕು, ಅಲ್ವಾ?...

ಇರಿ ಇರಿ, ನೀವೇನೂ ಹೇಳೋದು ಬೇಡ, ನಾನೇ ಹೇಳ್ತೀನಿ. ನಿಮಗೆ ಮೇಷ್ಟ್ರ ಉತ್ತರ ಪುಸ್ತಕ ಬೇಕು. ನನ್ನ ಪುಸ್ತಕದ ಒಂದೊಂದು ಲೆಕ್ಕಾನೂ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟಿರೋ ಪುಸ್ತಕ. ಅದನ್ನ ಪಾಠ ಹೇಳೋರಿಗೆ ಮಾತ್ರ ಕೊಡೋದು, ಹುಡುಗರ ಕೈಗೆ ಸಿಗಬಾರದು. ಅದಕ್ಕೇ ಪರೀಕ್ಷೆ ಹತ್ರ ಬಂತು ಅಂದ್ರೆ ಸಾಕು, ಎಲ್ಲೆಲ್ಲಿಂದಲೋ ಪ್ರೊಫೆಸರುಗಳು ಹುಟ್ಕೊಂಡು ನನಗೆ ಫೋನ್ ಮಾಡ್ತಾರೆ. ಹೋದ ವಾರ ಒಬ್ಬ ಮಾಡಿದ್ದ. ವಿಸ್ಕಾನ್ಸಿನ್ನಿನ ಹಿರಿಯ ಪ್ರೊಫೆಸರಂತೆ. ಹಿಂದುಗಡೆಯಿಂದ ಅವರಮ್ಮ, 'ಬಟ್ಟೆ ಒಗೆಯೋಕೆ ಹಾಕಿದ್ಯೇನೋ?' ಅಂತ ಕೂಗ್ತಾ ಇದ್ರು...

ಹಾಂ? ಉತ್ತರ ಪುಸ್ತಕ ಬೇಡ್ವಾ? ಮೊದಲು ಎಲ್ಲರೂ ಹಾಗೇ ಅನ್ನೋದು. ಆಮೇಲೆ ಮೆಲ್ಲಗೆ, 'ಒಂದೇ ಒಂದು ಅಧ್ಯಾಯ ಕಳಿಸಿ' ಅಂತಾರೆ. ನನ್ನ ಕಿವಿಗೆ ಹೂವಿಡೋಕೆ ಬರಬೇಡಿ, ಪ್ರೊಫೆಸರಮ್ಮ. ಧ್ವನಿ ಕೇಳಿದ್ರೆ ಗೊತ್ತಾಗಲ್ವಾ? ನಿಮ್ಮ ವಯಸ್ಸಿನಷ್ಟು ಹಳೆಯ ಸ್ವೆಟರ್ ಹಾಕ್ಕೊಂಡು ಕೂತಿದ್ದೀನಿ ನಾನು...

ಒಬ್ಬ ವಿದ್ಯಾರ್ಥಿನಿಯ ಅಂಕದ ವಿಷಯ ಅಂತೀರಾ? ಸರಿ, ಕೇಳೋಣ. ಪ್ರತಿಯೊಬ್ಬ ಪ್ರೊಫೆಸರ ಹತ್ರಾನೂ ಒಬ್ಬಳು ಪಾಪದ ವಿದ್ಯಾರ್ಥಿನಿ ಇದ್ದೇ ಇರ್ತಾಳೆ. ವಿಸ್ಕಾನ್ಸಿನ್ನಿನೋನ ವಿದ್ಯಾರ್ಥಿನಿಗೆ ಒಂದೇ ತಿಂಗಳಲ್ಲಿ ಮೂರು ಜನ ಅಜ್ಜಿಯರು ತೀರ್ಕೊಂಡಿದ್ರು. ನಿಮ್ಮೋಳಿಗೆ ಏನಾಯ್ತು?...

ಏಳನೇ ಅಧ್ಯಾಯದ ಮಂಜುಗಡ್ಡೆ ಲೆಕ್ಕ. ಗೊತ್ತು ಗೊತ್ತು. ಸರೋವರದ ಮೇಲೆ ಐದು ದಿನದಲ್ಲಿ ಎಷ್ಟು ದಪ್ಪ ಮಂಜುಗಡ್ಡೆ ಕಟ್ಟುತ್ತೆ ಅನ್ನೋದು. ಪರೀಕ್ಷೆಗೆ ಅದನ್ನೇ ಕೊಟ್ಟಿದ್ನಾ ಸಂಡ್‌ಬಿ? ಹೊಸ ಲೆಕ್ಕ ಕಟ್ಟೋಕೆ ಅವನಿಗೆ ಆಗಲೂ ಸೋಮಾರಿತನ, ಈಗಲೂ ಸೋಮಾರಿತನ...

ಇವಳು ಮೂರು ಅಂಗುಲ ಅಂತ ಬರೆದಳು. ಪುಸ್ತಕದ ಹಿಂದೆ, ಕೊನೇ ಪುಟಗಳ ಉತ್ತರದ ಪಟ್ಟಿಯಲ್ಲಿ, ಹನ್ನೆರಡು ಅಂಗುಲ ಅಂತಿದೆ. ಸಂಡ್‌ಬಿ ಸೊನ್ನೆ ಕೊಟ್ಟ. ಹಾಂ. ಆ ಒಂದು ಸೊನ್ನೆಯಿಂದ ಫೇಲು... ಫೇಲಾದ್ರೆ ಮೇ ತಿಂಗಳಲ್ಲಿ ಪದವಿ ಇಲ್ಲ... ಈ ಪಾಠ ಮತ್ತೆ ಶುರುವಾಗೋದು ಮುಂದಿನ ಜನವರಿಗೆ, ಅಷ್ಟರಲ್ಲಿ ಸಿಕ್ಕಿರೋ ಕೆಲಸವೂ ಕೈ ಬಿಟ್ಟು ಹೋಗುತ್ತೆ. ಅಯ್ಯೋ ಪಾಪ. ಕಥೆ ಚೆನ್ನಾಗಿ ಕಟ್ಟಿದ್ದೀರಿ, ನಿಜವಾಗ್ಲೂ ಚೆನ್ನಾಗಿದೆ. ಏನವಳ ಹೆಸರು?...

ಪಾ ಹೌವಾ ಶ್ಯಾಂಗ್. ಭೇಷ್! ಹೆಸರೂ ಯೋಚನೆ ಮಾಡಿ ಇಟ್ಕೊಂಡೇ ಫೋನ್ ಮಾಡಿದ್ದೀರಿ. ವಿಸ್ಕಾನ್ಸಿನ್ನಿನೋನು ಹೆಸರು ಕೇಳಿದ ತಕ್ಷಣ ಮುಂದಿದ್ದ ಬಿಸ್ಕತ್ತಿನ ಪೊಟ್ಟಣ ನೋಡಿ ಓದಿದ್ದ...

ಇಲ್ಲ, ನೀವು ತಡೀರಿ. ಎಲ್ಲಾ ಆಮೇಲೆ ಹೇಳುವಿರಂತೆ. ಈಗ ಒಂದು ಕೆಲಸ ಮಾಡೋಣ. ನೀವು ಪ್ರೊಫೆಸರು ತಾನೇ? ಹಾಗಾದ್ರೆ ಆ ಲೆಕ್ಕ ನನಗೆ ಪಾಠ ಹೇಳಿ. ನಾನು ಮುಂದಿನ ಬೆಂಚಲ್ಲಿ ಕೂತಿರೋ ದಡ್ಡ ಹುಡುಗಿ ಅಂದ್ಕೊಳ್ಳಿ. ಸರಿಯಾಗಿ ಹೇಳಿದ್ರೆ ಉತ್ತರ ಪುಸ್ತಕ ಕಳಿಸ್ತೀನಿ, ಬೇಕಾದ್ರೆ ಮೇಲೊಂದು ಸಹೀನೂ ಹಾಕ್ತೀನಿ. ಎಡವಿದ್ರೋ, ನಿಮ್ಮ ಅಮ್ಮನಿಗೆ ಫೋನ್ ಕೊಡ್ಬೇಕು...

ಲಾಯ್ಡ್, ನೀನು ಸೂಪ್ ನೋಡ್ಕೋ, ನನ್ನ ಮುಖ ನೋಡ್ಬೇಡ. ಇಲ್ಲ, ನಿಮಗಲ್ಲ, ನನ್ನ ಗಂಡನಿಗೆ ಹೇಳಿದ್ದು. ಕಾಡಕ್ಕಿ ಸೂಪ್ ಮಾಡ್ತಿದ್ದಾನೆ. ಯಾರಾದ್ರೂ ನನ್ನ ಕೈಗೆ ಸಿಕ್ಕಿ ಒದ್ದಾಡ್ತಿದ್ರೆ ಅವನಿಗೆ ಹಬ್ಬ. ಹೇಳಿ, ಹೇಳಿ...

ಹಾಂ. ಗಾಳಿ ತಣ್ಣಗಿದೆ, ಕೆಳಗಿನ ನೀರು ಅದಕ್ಕಿಂತ ಬೆಚ್ಚಗಿದೆ. ನೀರಿನ ಶಾಖ ಮೇಲಕ್ಕೆ ಹೋಗ್ಬೇಕಾದ್ರೆ ಮಂಜುಗಡ್ಡೆ ದಾಟ್ಕೊಂಡೇ ಹೋಗ್ಬೇಕು... ಶಾಖ ಹೋದಷ್ಟೂ ನೀರು ಗಟ್ಟಿಯಾಗುತ್ತೆ. ಗಡ್ಡೆ ದಪ್ಪ ಆದಷ್ಟೂ ದಾಟೋದು ಕಷ್ಟ, ಅದಕ್ಕೇ ಬರ್ತಾ ಬರ್ತಾ ಬೆಳೆಯೋದು ನಿಧಾನ. ಅರೆ, ಸೊಗಸಾಗಿ ಹೇಳಿದ್ರಲ್ಲ! ಸಂಡ್‌ಬಿಗಿಂತ ವಾಸಿ. ಅವನು ಪಾಠ ಹೇಳೋದು ನೋಡಿದ್ದೀರಾ? ಹುಡುಗರ ಮುಖ ನೋಡಲ್ಲ. ಕಿಟಕಿ ನೋಡ್ಕೊಂಡು ಹೇಳ್ತಾನೆ, ಅಲ್ಲಿ ಹೊರಗೆ ನಿಂತಿರೋ ಮರಗಳು ಪರೀಕ್ಷೆಗೆ ಕೂರುತ್ವೆ ಅನ್ನೋ ಹಾಗೆ...

ಯಾಕೆ ಕೆಮ್ಮಿದ್ರಿ? ನೀವು ಕೆಮ್ಮಲಿಲ್ವಾ? ಸರಿ, ಯಾರೋ ಕೆಮ್ಮಿದ್ರು. ಮುಂದೆ ಹೇಳಿ. ಐದು ದಿನದ ಚಳಿ ಹಾಕಿ, ಗುಣಿಸಿ, ಭಾಗಿಸಿ, ವರ್ಗಮೂಲ ತೆಗೆದ್ರೆ ಎಷ್ಟು ಬರುತ್ತೆ? ಹನ್ನೆರಡು! ಪುಸ್ತಕದ ಹಿಂದೆ ಇರೋದೂ ಅದೇ ಅಲ್ವಾ? ಇಷ್ಟು ವರ್ಷದಿಂದ ಅದೇ ಹನ್ನೆರಡು. ಪುಸ್ತಕ ಐದು ಸಲ ಅಚ್ಚಾಯ್ತು, ಒಬ್ಬನೂ ಚಕಾರ ಎತ್ತಿಲ್ಲ...

ಏನು? ಹಿಮವಾ? ಯಾವ ಹಿಮ?...

ಲೆಕ್ಕದ ಮೊದಲನೇ ಸಾಲಲ್ಲೇ ಇದೆಯಾ? ಇರುತ್ತೆ, ಇರದೆ ಏನು! ಮಿನೆಸೋಟಾದಲ್ಲಿ ಕೂತು ಜನವರಿ ತಿಂಗಳ ಲೆಕ್ಕ ಬರೆಯೋಳು ಹಿಮ ಬರೀದೆ ಇರೋಕಾಗುತ್ತಾ? ಮೊದಲ ರಾತ್ರಿ ತೆಳ್ಳಗೆ ಗಡ್ಡೆ ಕಟ್ಟಿತು, ಅದರ ಮೇಲೆ ಎರಡು ಅಂಗುಲ ಹಿಮ ಬಿತ್ತು, ದೂರದಲ್ಲಿ ಮೀನು ಹಿಡಿಯೋರ ಗುಡಿಸಲು, ಅದರ ಮುಂದೆ ಒಂದು ಕಂದು ನಾಯಿ. ಹುಡುಗರಿಗೆ ಓದೋಕೆ ಬೇಜಾರಾಗಬಾರದು ಅಂತ ಅಂದಕ್ಕೆ ಬರೆದಿದ್ದಮ್ಮ ಅದು. ನಿಮ್ಮ ವಿದ್ಯಾರ್ಥಿನಿ ಅದನ್ನೂ ಲೆಕ್ಕಕ್ಕೆ ತಗೊಂಡಳಾ? ನಾಯೀನೂ ತಗೊಂಡಳೋ?...

ನಾಯಿ ಬಿಟ್ಟಳು. ದೊಡ್ಡ ಮನಸ್ಸು. ಹಿಮ ಯಾಕಂತೆ ಬಿಡ್ಲಿಲ್ಲ?...

ಹಿಮದ ಒಳಗೆ ಗಾಳಿ ತುಂಬಿರುತ್ತೆ, ಅದು ಶಾಖ ದಾಟೋಕೆ ಬಿಡಲ್ಲ. ನಿಜ. ಸರೋವರಕ್ಕೆ ಕಂಬಳಿ ಹೊದಿಸಿದ ಹಾಗೆ. ನಿಜ, ಅದನ್ನ ಆರನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೀನಿ. ಎರಡು ಅಂಗುಲ ಹಿಮ ಅಂದ್ರೆ ಸುಮಾರು ಎರಡು ಅಡಿ ಮಂಜುಗಡ್ಡೆಯಷ್ಟು ತಡೆ. ಅದೂ ಸರಿ. ಆ ಕಂಬಳಿ ಮೊದಲ ರಾತ್ರಿಯಿಂದಲೇ ಮೇಲೆ ಕೂತಿದ್ರೆ, ಕೆಳಗಿನ ಶಾಖ...

ತಡೀರಿ... ಒಂದು ನಿಮಿಷ ತಡೀರಿ. ಫೋನ್ ಇಡಬೇಡಿ...

ಲಾಯ್ಡ್! ಪೆನ್ಸಿಲ್ ಕೊಡು ಇಲ್ಲಿ. ಪೆನ್ಸಿಲ್ ಅಂದ್ರೆ ಸೌಟು ಕೊಡ್ತೀಯಲ್ಲ! ಆ ಕ್ಯಾಲೆಂಡರೂ ಕೊಡು. ಹರಿದ್ರೆ ಹರೀಲಿ, ಆ ತಿಂಗಳು ಮುಗಿದು ಹೋಗಿದೆ...

ಇದೀನಿ, ಇದೀನಿ. ಬರೀತಾ ಇದೀನಿ. ಗಡ್ಡೆಯದ್ದೊಂದು ತಡೆ... ಹಿಮದ್ದೊಂದು ತಡೆ... ಎರಡೂ ಒಂದರ ಮೇಲೊಂದು ಕೂತ್ವು, ಕೂಡಿಸ್ಬೇಕು... ಇದನ್ನ ಈ ಕಡೆ ತಂದು... ಮಾತಾಡಿಸಬೇಡಿ ನನ್ನ...

...

ಮೂರು. ಮೂರು ಅಂಗುಲ, ಒಂದು ಚೂರು ಹೆಚ್ಚುಕಮ್ಮಿ. ಇಲ್ಲ, ಎಲ್ಲೋ ತಪ್ಪಿರಬೇಕು ನಾನು, ಇನ್ನೊಂದು ಸಲ ಮಾಡ್ತೀನಿ...

...

ಮೂರೇ. ಲಾಯ್ಡ್, ನೀನು ನಕ್ಕರೆ ಆ ಸೂಪ್ ನಿನ್ನ ತಲೆ ಮೇಲೆ...

ಹಾಂ, ಹಲೋ. ಇದ್ದೀನಿ. ನೋಡಿ, ವಿಷಯ ಏನಪ್ಪಾ ಅಂದ್ರೆ... ಅದು ನಾನು ಬೇಕಂತಲೇ ಇಟ್ಟಿದ್ದು. ಹೂಂ. ನಕಲು ಹೊಡೆಯೋರು ಸಿಕ್ಕಿಬೀಳಲಿ ಅಂತ ಪುಸ್ತಕದ ಹಿಂದೆ ತಪ್ಪು ಉತ್ತರ ಹಾಕಿದ್ದು. ಅನುಭವಸ್ಥರು ಹಾಗೆ ಮಾಡ್ತಾರೆ...

ಏನಂದ್ರಿ? ಹಾಗಿದ್ರೆ ಹನ್ನೆರಡು ಬರೆದೋರೆಲ್ಲ ಸಿಕ್ಕಿಬೀಳಬೇಕಿತ್ತು, ಸಿಕ್ಕಿಬಿದ್ದೋಳು ಸರಿಯಾಗಿ ಬರೆದೋಳೊಬ್ಬಳೇ ಅಂತೀರಾ... ಹಾಂ... ಅದೂ ಹೌದು...

ಇಲ್ಲ. ಬೇಕಂತ ಇಟ್ಟಿದ್ದಲ್ಲ. ಈಗ ತಾನೇ ಹುಟ್ಟಿದ ಸುಳ್ಳು ಅದು. ನಾನೇ ಹಿಮ ಸುರಿಸಿದೆ, ನಾನೇ ಮರೆತೆ. ನಾಯಿ ಬಣ್ಣ ಕಂದು ಇರಲೋ ಕಪ್ಪು ಇರಲೋ ಅಂತ ಅರ್ಧ ದಿನ ಯೋಚಿಸಿದ್ದು ನೆನಪಿದೆ, ಹಿಮ ಮಾತ್ರ ತಲೆಗೆ ಬರ್ಲಿಲ್ಲ. ಹೊಟ್ಟೆ ಉರೀತಿದೆ ನನಗೆ. ಪುಸ್ತಕ ತಪ್ಪು. ಆ ಹುಡುಗಿ ಸರಿ. ಸಾಕಾ? ಇನ್ನೂ ಜೋರಾಗಿ ಹೇಳ್ಬೇಕಾ?...

ಅಷ್ಟೇ ಸಾಕಾ? ಅಂದ್ರೆ? ಉತ್ತರ ಪುಸ್ತಕ ಬೇಡ್ವಾ ಹಾಗಾದ್ರೆ?... ನಿಜವಾಗ್ಲೂ ಬೇಡ್ವಾ? ಮತ್ತೆ ಈ ಫೋನ್ ಯಾತಕ್ಕೆ?... ಏನು? ನನ್ನ ಬಾಯಿಂದ ಆ ಒಂದು ಮಾತು ಬಂದ್ರೆ ಅಂಕ ಕೊಡ್ತೀನಿ ಅಂತ ಸಂಡ್‌ಬಿ ಹೇಳಿದ್ನಾ? ಯಾರಿಗೆ ಹೇಳಿದ್ದು? ನಿಮಗಾ?...

ಆ ಶ್ಯಾಂಗ್... ನೀನೇನಾ?

ಮೊದಲೇ ಹೇಳೋಕೆ ಏನಾಗಿತ್ತು ಮಗೂ?... ಹೇಳಿದ್ಯಾ? ಮೂರು ಸಲ ಬಾಯಿ ತೆಗೆದ್ಯಾ? ನಾನು ಬಿಡ್ಲೇ ಇಲ್ವಾ?... ಹೂಂ. ವಿಸ್ಕಾನ್ಸಿನ್ನಿನೋನ ಕಥೆ ಹೇಳ್ತಿದ್ದೆ, ಹೌದು. ಥೂ, ನನ್ನ ಬಾಯಿಗಿಷ್ಟು! ಪ್ರೊಫೆಸರಮ್ಮ ಅಂತ ಬೇರೆ ಆಡ್ಕೊಂಡೆ ನಿನ್ನ...

ಹಾಗಾದ್ರೆ ನೀನು ಸಂಡ್‌ಬಿ ಆಫೀಸಿಂದಾನೇ ಮಾತಾಡ್ತಿರೋದು? ಅದೂ ನಿಜಾನಾ? ಅವನೆಲ್ಲಿದ್ದಾನೆ?... ಎದುರಿಗಾ? ಫೋನ್ ಸ್ಪೀಕರ್‌ನಲ್ಲಿ ಇದೆಯಾ? ಯಾವಾಗಿಂದ?... ಮೊದಲಿಂದಾನಾ? ಅವನಿಗೆ ಸೋಮಾರಿತನ ಅಂದಿದ್ದೂ ಕೇಳಿಸ್ತಾ? ಕಿಟಕಿ ಅಂದಿದ್ದೂ?...

ಸಂಡ್‌ಬಿ! ಬಾ ಇಲ್ಲಿ, ಫೋನ್ ಹತ್ರ ಬಾ. ಅಂದಿದ್ದು ಅಂದಾಯ್ತು, ವಾಪಸ್ ತಗೊಳ್ಳಲ್ಲ. ಒಂದೇ ಪ್ರಶ್ನೆ, ನಿನಗೆ ಗೊತ್ತಿತ್ತಾ ಹನ್ನೆರಡು ತಪ್ಪು ಅಂತ?...

ಗೊತ್ತಿತ್ತು. ಎಷ್ಟೋ ವರ್ಷದಿಂದ ಗೊತ್ತಿತ್ತು. ಮತ್ತೆ ಯಾಕೋ ನನಗೆ ಹೇಳ್ಲಿಲ್ಲ?... ಹೆದರಿಕೆನಾ? ಯಾರಿಗೆ, ನನಗಾ? ಮೊಣಕಾಲು ಎರಡೂ ಬದಲಾಯಿಸ್ಕೊಂಡಿರೋ ಮುದುಕಿಗೆ?... ಸೀಮೆಸುಣ್ಣ ಎಸೆದಿದ್ದೆನಾ ನಾನು? ಒಂದೇ ಸಲ ತಾನೇ?... ಸರಿ, ಡಸ್ಟರೂ. ಅದಕ್ಕೆ ಈ ಹುಡುಗಿಗೆ ಸೊನ್ನೆ ಕೊಡ್ತೀಯಾ? ನಿನ್ನ ಪುಕ್ಕಲುತನಕ್ಕೆ ಇವಳ ಪದವಿ ಹೋಗ್ಬೇಕಾ? ನಾಚಿಕೆ ಆಗಲ್ವಾ ನಿನಗೆ? ಕೊನೆಗೂ ನನಗೆ ಫೋನ್ ಮಾಡಿದ್ದು ಯಾರು? ಇವಳು. ನೀನು ಪಕ್ಕದಲ್ಲಿ ಕೂತು ಕೆಮ್ಮಿದೆ...

ಮಾತು ಬೇಡ. ಅವಳ ಉತ್ತರ ಪತ್ರಿಕೆ ತೆಗಿ. ಪೆನ್ನು ತಗೋ. ಆ ಸೊನ್ನೆ ಹೊಡೆದು ಹಾಕು. ಪೂರ್ತಿ ಅಂಕ ಹಾಕು... ಹಾಕಿದ್ಯಾ? ಒಟ್ಟು ಕೂಡಿಸು. ಮಗೂ, ನೀನು ಬಗ್ಗಿ ನೋಡು, ಇವನ ಕೂಡಿಸೋದು ನಾನು ನಂಬಲ್ಲ. ಎಷ್ಟಾಯ್ತು? ಪಾಸಾ?...

ಪಾಸು! ಲಾಯ್ಡ್, ಹುಡುಗಿ ಪಾಸು! ಏನು, ಯಾವ ಹುಡುಗಿ ಅಂದ್ರೆ? ಇಷ್ಟು ಹೊತ್ತು ಏನು ಕೇಳಿಸ್ಕೊಂಡೆ ನೀನು?...

ಅದೇನು ಮಗೂ, ಮೂಗು ಒರೆಸ್ಕೊಳ್ಳೋ ಸದ್ದು? ಅಳ್ತಿದ್ದೀಯಾ? ಅಳು, ಪರವಾಗಿಲ್ಲ, ನನ್ನ ಕ್ಲಾಸಲ್ಲಿ ಇದಕ್ಕಿಂತ ಕಡಿಮೆ ಕಾರಣಕ್ಕೆ ಅತ್ತಿದ್ದಾರೆ. ಸಂಡ್‌ಬಿ ಅತ್ತಿದ್ದಾನೆ. ಸರಿ, ಒಂದು ಮಾತು ಹೇಳು ನನಗೆ. ಪುಸ್ತಕದ ಹಿಂದೆ ಹನ್ನೆರಡು ಅಂತಿರೋದು ನೀನೂ ನೋಡಿದ್ದೆ ತಾನೇ? ಮಿಕ್ಕವರ ಹಾಗೆ ಹನ್ನೆರಡು ಅಂತ ಗೀಚಿ ಎದ್ದು ಬಂದಿದ್ರೆ ಈ ಗೋಳೇ ಇರ್ತಿರ್ಲಿಲ್ಲವಲ್ಲ?...

ಬರೆಯೋಕೆ ಹೋದೆ, ಕೈ ಬರ್ಲಿಲ್ಲ ಅಂತೀಯಾ... ಮೂರು ಅಂತ ಗೊತ್ತಾದ ಮೇಲೆ...

ಹೂಂ. ಇಷ್ಟು ಖುಷಿಯಾಗಿ ಎಷ್ಟು ದಿನ ಆಗಿತ್ತು ನನಗೆ! ಹೊಟ್ಟೆ ಉರೀತಾನೇ ಇದೆ, ಆದ್ರೂ ಖುಷಿ. ಆರನೇ ಸಲ ಅಚ್ಚು ಹಾಕಿಸ್ತೀನಿ ಪುಸ್ತಕಾನ. ಮೊದಲ ಪುಟದಲ್ಲಿ ನಿನ್ನ ಹೆಸರು ಹಾಕ್ತೀನಿ, 'ತಪ್ಪು ಹಿಡಿದವಳು' ಅಂತ. ಈ ಅಧ್ಯಾಯ ಸರಿ ಹೋಯ್ತು ಅಂದ್ರೆ ಇನ್ನು ಆ ಪುಸ್ತಕದಲ್ಲಿ ಯಾರೂ ಬೆರಳು ಇಡೋ ಹಾಗಿಲ್ಲ...

ಏನು? ಎಂಟನೇ ಅಧ್ಯಾಯದಲ್ಲಾ?... ಕಾಫಿ ಲೆಕ್ಕ. ಹಾಂ, ಮೇಜಿನ ಮೇಲಿಟ್ಟ ಕಾಫಿ ಅರ್ಧ ಗಂಟೆ ಆದ ಮೇಲೆ ಎಷ್ಟು ತಣ್ಣಗಾಗುತ್ತೆ ಅನ್ನೋದು. ಅದಕ್ಕೇನಾಯ್ತು?...

ಪುಸ್ತಕದ ಹಿಂದಿನ ಉತ್ತರದ ಪ್ರಕಾರ ಅದು ಬಿಸಿ... ಜಾಸ್ತಿ ಆಗುತ್ತಾ?...

ಹಲೋ? ಹಲೋ ಮಗೂ? ನಿನ್ನ ಮಾತು ಕೇಳಿಸ್ತಿಲ್ಲ... ಲೈನು ಸರಿ ಇಲ್ಲ, ಬರೀ ಗರಗರ ಅಂತಿದೆ... ಹಲೋ?... ಇಲ್ಲ, ಏನೂ ಕೇಳಿಸ್ತಾ ಇಲ್ಲ, ಸಂಡ್‌ಬಿ ನಗೋದೂ ಕೇಳಿಸ್ತಾ ಇಲ್ಲ... ಲಾಯ್ಡ್, ಗೋಡೆಯಿಂದ ಆ ವೈರ್ ಕೀಳು. ಯಾಕೆ ಅಂತ ಕೇಳ್ಬೇಡ, ಬೇಗ ಕೀ...