ಎಡಕ್ಕೆ ಬಿದ್ದ ಹುರಿ

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ. ಕರೆಂಟು ಹೋಗಿ ಹಿಟ್ಟಿನ ಗಿರಣಿಯ ಬೆಲ್ಟು ನಿಂತಿತು. ಅರ್ಧ ಬೀಸಿದ ಡಬ್ಬಿ ಬಿಟ್ಟು ಹೋಗಲಾರದೆ ನಾಲ್ಕಾರು ಜನ ಮೂಟೆಗಳ ಮೇಲೆ ಕುಳಿತರು. ಗಿರಣಿಯ ಮುದುಕನಿಗೆ ಅಷ್ಟೇ ಬೇಕಿತ್ತು. ಹೆಂಡತಿ ಹೋದ ಮೇಲೆ ಅವನ ಮಾತಿಗೆ ಸಿಗುವವರು ಹೀಗೆ ಸಿಕ್ಕಿಹಾಕಿಕೊಂಡವರು ಮಾತ್ರ. ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಶುರುಮಾಡಿದ.

"ಗುಡ್ಡದ ಮೇಲಿನ ಕೇರಿ ಗೊತ್ತಲ್ಲ, ಈಗ ಪಾಳು ಬಿದ್ದಿರೋದು? ಆ ಜನ ಹುಟ್ಟುವಾಗಲೇ ನಾರು ಹಿಡ್ಕೊಂಡು ಬಂದೋರು, ಅಂಥಾ ಹಗ್ಗ ಹೊಸೀತಿದ್ರು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಕಣ್ರಪ್ಪಾ... ಒಬ್ಬರು ಕೇರಿಯ ಆ ತುದೀಲಿ ಕೂತು ರಾಟೆ ತಿರುಗಿಸಬೇಕು, ಇನ್ನೊಬ್ಬರು ನಾರಿನ ಕಂತೆ ಸೊಂಟಕ್ಕೆ ಕಟ್ಕೊಂಡು, ಎಳೆ ಬಿಡ್ತಾ ಬಿಡ್ತಾ ಹಿಂದಹಿಂದಕ್ಕೆ ನಡೀಬೇಕು. ಪ್ಲಾಸ್ಟಿಕ್ ಹಗ್ಗ ಬಂತು, ಕೆಳಗೆ ರಸ್ತೆ ಬಂತು, ಒಂದೊಂದೇ ಮನೆ ಇಳಿದು ಹೋಯ್ತು. ಉಳಿದಿದ್ದು ನಾವು ಹಗ್ಗದಕ್ಕ ಅಂತಿದ್ದ ಒಬ್ಬ ಹೆಂಗಸು, ಅವಳ ಗಂಡ. ಆಮೇಲೆ ಗಂಡನೂ ತೀರಿಕೊಂಡ.

ಆ ಕೇರಿಯವರದೇ ಬೇರೆ ಭಾಷೆ; ಅದರಲ್ಲಿ ಒಂದು ಮಾತಾಡೋಕೆ ಅಲ್ಲಿ ನರಪಿಳ್ಳೆ ಇಲ್ಲ. ನೆಂಟರು ಕೆಳಗೆ ಕರ್ಕೊಂಡು ಬಂದ್ರು, ನಾಲ್ಕು ದಿನ ಇದ್ದು ವಾಪಸ್ ಹೋದಳು. 'ಮೂಲೇಲಿ ಕೂರಿಸಿ, ಟಿವಿ ಹಚ್ಚಿ, ಎಲ್ಲರೂ ಕೆಲಸಕ್ಕೆ ಹೋಗ್ತಾರೆ. ಅದಕ್ಕಿಂತ ನನ್ನ ಗೋಡೆಗಳೇ ವಾಸಿ' ಅಂದಳು.

ಅಂಥವಳು ಒಂದು ಮಳೆಗಾಲದಲ್ಲಿ ನನ್ನ ಮೂಟೆ ಕಟ್ಟೋಕೆ ಹೊಸ ಹುರಿ ತಂದುಕೊಟ್ಟಳು. ಅವಳು ಎಳೆ ಬಿಟ್ರೆ ರಾಟೆ ಹತ್ತಿರ ಯಾರಿದ್ರು? ಹುರಿ ಬೆಳಕಿಗೆ ಹಿಡಿದು ನೋಡಿದೆ. ಆ ಕೇರಿಯವರು ರಾಟೆ ಬಲಕ್ಕೇ ತಿರುಗಿಸೋದು, ಹುರಿಯ ತಿರುಚು ಯಾವತ್ತೂ ಬಲಕ್ಕೆ ಬೀಳೋದು. ಇದು ಎಡಕ್ಕೆ ಬಿದ್ದಿತ್ತು.

'ಯಾರಕ್ಕಾ ತಿರುಗಿಸಿದ್ದು?' ಅಂದೆ.

'ಮಂಜಲ್ಲಿ ಕಾಣಲ್ಲ ತಮ್ಮಾ. ಅಭ್ಯಾಸಬಲ, ನಾರು ಕಟ್ಕೊಂಡು ಸುಮ್ನೆ ನಿಂತಿದ್ದೆ, ಆ ಕಡೆ ರಾಟೆ ತಿರುಗ್ತು. ನಮ್ಮೋರೇ ಬಂದ್ರು ಅಂತ ಅತ್ತುಬಿಟ್ಟೆ. ಆಮೇಲೆ ಹುರಿ ನೋಡಿದೆ... ಅವರಲ್ಲ.'

'ಹೆದರಿಕೆ ಆಗಲ್ವಾ?'

'ಆಗುತ್ತೆ. ಒಂದು ಸಂಜೆ ಅದು ತಿರುಗಲಿಲ್ಲ ನೋಡು, ಅವತ್ತು ಆದಷ್ಟು ಹೆದರಿಕೆ ಯಾವತ್ತೂ ಆಗಿಲ್ಲ.'

ಆ ಮಳೆಗಾಲ ಮುಗಿಯೋದರೊಳಗೆ ಅವಳೂ ಹೋದಳು. ಮಣ್ಣು ಮಾಡುವಾಗ ಸೊಂಟದ ನಾರು ಬಿಚ್ಚೋಕೇ ಆಗಲಿಲ್ಲ. ಹುರಿಯಾಗಿ ಬಿಗಿದುಬಿಟ್ಟಿತ್ತು... ಎಡಕ್ಕೆ.

ಕತೆ ಮುಗೀತು ಅಂದ್ಕೊಂಡ್ರಾ? ನನ್ನವಳು ತೀರಿಕೊಂಡ ವರ್ಷ, ಮನೇಲಿ ಕೂರಲಾರದೆ ಒಂದು ಸಂಜೆ ಗುಡ್ಡ ಹತ್ತಿದೆ. ಮಂಜು ಅಂದ್ರೆ ಮಂಜು. ಅದರೊಳಗಿಂದ ರಾಟೆ ಸದ್ದು, ಕಿರ್ರೋ ಅಂತ... ಒಂದು ಎಳೆ ಮಾತ್ರ ಹಿಡಿಯೋರಿಲ್ಲದೆ ಕೆಸರಲ್ಲಿ ಹೊರಳಾಡ್ತಿತ್ತು. ದೆವ್ವ ಅಂದ್ರೆ ಏನೋ ಎಂತೋ ಅಂದ್ಕೊಂಡಿದ್ದೆ. ಅದಕ್ಕೂ ನಮ್ಮ ಹಾಗೆ ಯಾರೂ ದಿಕ್ಕಿಲ್ಲ ಕಣ್ರಪ್ಪಾ."

ಅಷ್ಟರಲ್ಲಿ ಕರೆಂಟು ಬಂತು. ಎಲ್ಲರೂ ಎದ್ದು ತಮ್ಮ ತಮ್ಮ ಡಬ್ಬಿಗೆ ಕೈ ಹಾಕಿದರು. ಒಬ್ಬಾಕೆ ಮಾತ್ರ ಕೇಳಿದಳು: "ಆಮೇಲೆ?"

"ಆಮೇಲೇನಮ್ಮಾ, ಹಿಟ್ಟಾದ ಮೇಲೆ ನೀವು ಹೊರಡ್ತೀರಿ. ನಾನೂ ಬಾಗಿಲು ಹಾಕಿ, ಸೊಂಟಕ್ಕೆ ನಾರು ಕಟ್ಕೊಂಡು ಗುಡ್ಡ ಹತ್ತಬೇಕು. ತಡ ಆದ್ರೆ... ಪಾಪ, ಅದು ಕಾಯ್ತಾ ಕೂತಿರುತ್ತೆ."