ಸತ್ತವನು ಎದ್ದು ಕೂತ ದೃಶ್ಯ

ಮಾನ್ಯ ಅಧ್ಯಕ್ಷರೇ, ಪುಸ್ತಕ ಬಿಡುಗಡೆ ಮಾಡಿದ ಅತಿಥಿಗಳೇ, ಹೊಸ ಅಂಗಿಯ ಕಾಲರು ಚುಚ್ಚುತ್ತದೆ ಎಂದು ಬೆಳಗಿನಿಂದ ಗೊಣಗುತ್ತಿರುವ ನನ್ನ ಮಾವನವರೇ, ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಮೊದಲೇ ಹಿಡಿದ ಜಾಣ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಶಾಲಾ ಸಮವಸ್ತ್ರ ಹೊಲಿಯುವವಳು. ಅಷ್ಟು ಹೊತ್ತಿನಲ್ಲಿ ಅಂಗಿಗೆ ತೋಳು ಕೂರಿಸಿಬಿಡುತ್ತೇನೆ. ಆದರೆ ಮಾತು ಬಟ್ಟೆಯಂತಲ್ಲ, ಎಳೆದಷ್ಟೂ ಬರುತ್ತದೆ. ಸ್ವಲ್ಪ ಸಹಿಸಿಕೊಳ್ಳಿ.

ನಿರೂಪಕರು ನನ್ನನ್ನು ‘ಲೇಖಕರ ಸೊಸೆ’ ಎಂದು ಕರೆದರು. ಹೌದು, ಸೊಸೆಯೇ. ಮುಂದಿನ ವಾರ ಏನೆಂದು ಕರೆಯುತ್ತಾರೋ ಗೊತ್ತಿಲ್ಲ, ಏಕೆಂದರೆ ಮುಂದಿನ ವಾರ ನನ್ನ ಮದುವೆ. ವರ ನಮ್ಮ ಅಂಗಡಿಯ ಕಟಿಂಗ್ ಮಾಸ್ಟರ್. ಕೊನೆಯ ಸಾಲಿನಲ್ಲಿದ್ದಾರೆ. ದಯವಿಟ್ಟು ಎಲ್ಲರೂ ಒಟ್ಟಿಗೆ ತಿರುಗಬೇಡಿ, ನಾಚಿಕೆಯ ಮನುಷ್ಯ. ಅಯ್ಯೋ, ಇದನ್ನು ಹೇಳುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೆ! ಬಾಯಿ ಜಾರಿತು. ಇನ್ನು ಪೂರ್ತಿಯೇ ಹೇಳಿಬಿಡುತ್ತೇನೆ. ಈ ಮದುವೆಗೆ ಎಲ್ಲರಿಗಿಂತ ಮೊದಲು ಹ್ಞೂಂ ಅಂದವರು ಮಾವನವರು. ಆದರೆ ಹೊಸ ಮನೆಗೆ ನನ್ನ ಜೊತೆ ಬನ್ನಿ ಎಂದರೆ ಸುತರಾಂ ಒಪ್ಪುತ್ತಿಲ್ಲ. “ಮಗನೇ ಇಲ್ಲದ ಮೇಲೆ ಯಾವ ಲೆಕ್ಕದಲ್ಲಿ ನಿನ್ನ ಬೆನ್ನು ಹತ್ತಲಮ್ಮ?” ಅನ್ನುತ್ತಾರೆ.

ಇರಲಿ, ಪುಸ್ತಕದ ವಿಷಯಕ್ಕೆ ಬರುತ್ತೇನೆ. ಒಂದು ಹಾಸ್ಯ ಚಿತ್ರದ ದೃಶ್ಯಗಳಲ್ಲಿ ತತ್ತ್ವಶಾಸ್ತ್ರ ಹುಡುಕಿದ ಪುಸ್ತಕವಿದು. ಕಣ್ಣು ಕಾಣದವರು ಸಿನಿಮಾದ ಬಗ್ಗೆ ಬರೆದದ್ದು ಹೇಗೆ ಎಂದು ಅತಿಥಿಗಳು ಆಶ್ಚರ್ಯಪಟ್ಟರು. ಹೇಗೆಂದರೆ, ನನ್ನ ಗಂಟಲು ಹರಿದುಹೋಯಿತು, ಹಾಗೆ!

ಮಾವನವರು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು. ಮೊದಲು ಅವರ ಕಣ್ಣು ಹೋಯಿತು. ಆಮೇಲೆ ಅವರ ಮಗ, ನನ್ನ ಗಂಡ, ರಸ್ತೆ ಅಪಘಾತದಲ್ಲಿ ಹೋದರು. ಮನೆಯಲ್ಲಿ ಉಳಿದವರು ನಾವಿಬ್ಬರೇ. “ಊಟ ಹಾಕಲಾ?” “ಹ್ಞೂಂ.” ದಿನಕ್ಕೆ ಅಷ್ಟೇ ಮಾತು. ಹೋದವರ ಹೆಸರನ್ನು ನಾನೂ ಎತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ. ಒಂದು ಭಾನುವಾರ ಆ ಮೌನಕ್ಕೆ ತಲೆ ಕೆಟ್ಟು, “ಏಳಿ ಮಾವ, ಸಿನಿಮಾಗೆ ಹೋಗೋಣ” ಅಂದೆ. “ನನಗೆ ಸಿನಿಮಾನಾ?” ಅಂದರು. “ನನಗೆ ಕಣ್ಣಿದೆಯಲ್ಲ, ಬನ್ನಿ” ಅಂದೆ.

ಚಿತ್ರದಲ್ಲಿ ನಾಯಕ ಹೆಗಲ ಮೇಲೆ ಏಣಿ ಹೊತ್ತುಕೊಂಡು, ನನ್ನ ಏಣಿ ಎಲ್ಲಿ ಎಂದು ಬೀದಿಯೆಲ್ಲ ಕೇಳುತ್ತಾನೆ. ಹೆಗಲ ಮೇಲೇ ಇದೆಯಲ್ಲಪ್ಪಾ ಎಂದರೆ, “ಇದು ಈ ಏಣಿ. ನನ್ನದು ಎಲ್ಲಿ?” ಅನ್ನುತ್ತಾನೆ. ನಾನು ಪಿಸುಗುಟ್ಟಿ ಮುಗಿಸುವ ಹೊತ್ತಿಗೆ ಜನ ನಕ್ಕು ಸುಮ್ಮನಾಗಿದ್ದರು. ಮಾವ ನಗಲಿಲ್ಲ. “ತನ್ನ ಹತ್ತಿರ ಇರೋದು ತಾನು ಹುಡುಕ್ತಿರೋದೇ ಅಂತ ಮನುಷ್ಯನಿಗೆ ಯಾರು ಹೇಳಿದರೆ ನಂಬಿಕೆ ಬರುತ್ತಮ್ಮ?” ಅಂದರು. ಮುಂದಿನ ಸಾಲಿನವರು ತಿರುಗಿ, “ಸ್ವಾಮಿ, ಪಾಠ ಹೊರಗಡೆ” ಅಂದರು. ಪುಸ್ತಕದ ಮೊದಲ ಅಧ್ಯಾಯ ಹುಟ್ಟಿದ್ದು ಹೀಗೆ.

ಇನ್ನೊಂದು ದೃಶ್ಯ ಇತ್ತು. ಬೇಡದ ನೆಂಟರಿಂದ ತಪ್ಪಿಸಿಕೊಳ್ಳಲು ನಾಯಕ ಸತ್ತಂತೆ ಮಲಗುತ್ತಾನೆ. ಬಂದವರೆಲ್ಲ ಅವನನ್ನು ಬಾಯಿ ತುಂಬ ಹೊಗಳುತ್ತಾರೆ. ಮಗನನ್ನು ಕಳೆದುಕೊಂಡು ವರ್ಷ ತುಂಬದ ತಂದೆಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಸುಮ್ಮನಾದೆ. ಅಷ್ಟರಲ್ಲಿ ಜನ ಹೋ ಎಂದು ನಕ್ಕರು. “ಏನಾಯ್ತಮ್ಮ?” ಅಂದರು. ಹೇಳಿದೆ, “ಸತ್ತವನು ಎದ್ದು ಕೂತ, ಮಾವ.”

ಅವರ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. “ಎದ್ದು ಏನಂದ?” “ನಿಮ್ಮ ಹೊಗಳಿಕೆಯಲ್ಲಿ ಒಂದು ತಪ್ಪಿದೆ, ಆ ಸಭ್ಯಸ್ಥ ನಾನಲ್ಲ, ನನ್ನ ತಮ್ಮ ಅಂದ.”

ಮನೆಗೆ ಬಂದ ಮೇಲೆ ಮಾವ ಕೇಳಿದರು, “ನಮ್ಮವನು ಎದ್ದು ಕೂತಿದ್ದರೆ ಏನು ತಿದ್ದುತ್ತಿದ್ದ?” ನಾನು, “ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ ಅಂದರಲ್ಲ ಸಾವಿಗೆ ಬಂದವರೆಲ್ಲ, ಅದನ್ನ” ಅಂದೆ. ಮಾವ ಫಕ್ಕನೆ ನಕ್ಕರು. “ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳುತ್ತಿದ್ದ ಮೂರ್ಖ!” ಅಂದರು. ನಕ್ಕೆವು, ಅತ್ತೆವು, ಹೋದವರ ಹೆಸರು ಹಿಡಿದು ಬೈದೆವು. ಅಂದು ನಮ್ಮ ಮನೆಗೆ ಅವರು ತಿರುಗಿ ಬಂದರು, ಹೊಗಳಿಕೆಯ ಬೊಂಬೆಯಾಗಿ ಅಲ್ಲ, ಸಿಟ್ಟು ಸೆಡವು ಇರುವ ಮನುಷ್ಯನಾಗಿ. ಸಾವು ಎಂದರೇನು, ನಾನು ಎಂದರೆ ಯಾರು ಎಂದು ಮಾವ ದೊಡ್ಡ ದೊಡ್ಡ ಮಾತು ಬರೆದಿದ್ದಾರೆ. ಅವು ನನಗೆ ಅರ್ಧ ಅರ್ಥವಾಗಿವೆ. ನನ್ನನ್ನು ಬದುಕಿಸಿದ್ದು ಆ ನಗು. ಮಾವ, ಅದಕ್ಕೆ ನಾನು ನಿಮಗೆ ಋಣಿ. ನೀವಿಲ್ಲದಿದ್ದರೆ ಇನ್ನೊಂದು ಮದುವೆಯಾಗುವ ಧೈರ್ಯ ನನಗೆಲ್ಲಿತ್ತು?

ಅದಕ್ಕೇ, ಯಾವ ಲೆಕ್ಕ ಎಂದು ಕೇಳಿದಿರಲ್ಲ, ಈ ಸಭೆಯ ಮುಂದೆ ಹೇಳುತ್ತೇನೆ. ಮಗನ ಲೆಕ್ಕ ಬೇಡ. ನಿಮ್ಮ ಪಕ್ಕ ಕೂತು ಸಿನಿಮಾ ಹೇಳುವುದು ನನಗೆ ಬೇಕು, ಅದೇ ಲೆಕ್ಕ. ಕಟಿಂಗ್ ಮಾಸ್ಟರ್ ಹೊಸ ಮನೆಯಲ್ಲಿ ನಿಮ್ಮ ಮಂಚಕ್ಕೆ ಗೋಡೆ ಅಳೆದು ಬಂದಾಗಿದೆ. ಬರುತ್ತೀರಾ?

ಅಧ್ಯಕ್ಷರೇ, ಮಾವ ನಿಮ್ಮ ಕಿವಿಯಲ್ಲಿ ಏನೋ ಅಂದರಲ್ಲ, ಏನಂತೆ?

ಹೊಸ ಮನೆಯಿಂದ ಸಿನಿಮಾ ಮಂದಿರ ಎಷ್ಟು ದೂರ ಅಂತ ಕೇಳುತ್ತಿದ್ದಾರಂತೆ!

ಹತ್ತಿರವೇ ಮಾವ. ನಡೆದೇ ಹೋಗಬಹುದು.

ಕ್ಷಮಿಸಿ, ಐದು ನಿಮಿಷ ದಾಟಿಹೋಯಿತು. ಕೇಳಿಸಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.